ಕೆಮ್ಮು ಕೇಳುವ ಹೊತ್ತಿಗೆ ತಡವಾಗಿರುತ್ತದೆ

ಹೋದ ವರ್ಷ ಮಾಗಿಯ ಚಳಿ ಜೋರಾಗಿದ್ದ ದಿನಗಳಲ್ಲಿ ಒಬ್ಬ ತರುಣ ರೈತ ಬೆಳಿಗ್ಗೆ ಏಳು ಗಂಟೆಗೇ ನನ್ನ ಮನೆಯ ಬಾಗಿಲಿಗೆ ಬಂದು ನಿಂತಿದ್ದ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಚೀಲದ ತುಂಬ ಖಾಲಿಯಾದ ಔಷಧಿ ಸೀಸೆಗಳು. “ಮೂರು ಥರದ್ದು ಹಾಕಿಸಿ ಆಯ್ತು ಸಾರ್, ಕೆಮ್ಮು ನಿಲ್ತಾ ಇಲ್ಲ. ಇದಕ್ಕಿಂತ ಜೋರಾದದ್ದು ಇದ್ರೆ ಬರ್ಕೊಡಿ” ಎಂದ.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಬ್ಯಾಂಕಿನ ಸಾಲದ ಜೊತೆಗೆ ತಾಯಿಯ ಓಲೆಯನ್ನೂ ಅಡವಿಟ್ಟು 42 ಹಂದಿ ಮರಿಗಳನ್ನು ತಂದಿದ್ದ. 18 ಮರಿ ಒಂದು ಫಾರಂನಿಂದ, ಉಳಿದ 24 ಸಂತೆಯಿಂದ. ಎಲ್ಲವೂ ಒಂದೇ ದಿನ, ಒಂದೇ ಗಾಡಿಯಲ್ಲಿ ಬಂದು, ಒಂದೇ ಗೂಡಿನಲ್ಲಿ ಇಳಿದವು. ಚಳಿಗೆ ಮರಿಗಳು ನಡುಗಬಾರದೆಂದು ಗೂಡಿನ ನಾಲ್ಕೂ ಕಡೆ ಗೋಣಿಚೀಲ ಕಟ್ಟಿಸಿದ್ದ. ಆರನೆಯ ದಿನ ಕೆಮ್ಮು ಕೇಳಿಸಿತು. ಹನ್ನೆರಡನೆಯ ದಿನ ಮೊದಲ ಮರಿ ಸತ್ತಿತು. ನನ್ನಲ್ಲಿಗೆ ಬರುವ ಹೊತ್ತಿಗೆ ಏಳು ಹೋಗಿದ್ದವು.

ನಾವು ಅವನ ಊರು ತಲುಪಿದಾಗ ಎಂಟನೆಯದು ಆಗತಾನೆ ಸತ್ತಿತ್ತು. ಹೊಲದ ಮೂಲೆಯಲ್ಲಿ ಗುಂಡಿ ತೋಡಿಸಿ, ಅದರ ಅಂಚಿನಲ್ಲೇ ಮರಿಯನ್ನು ಕೊಯ್ದು ನೋಡಿದೆ. ಆರೋಗ್ಯವಾದ ಹಂದಿಯ ಶ್ವಾಸಕೋಶ ತಿಳಿ ಗುಲಾಬಿ ಬಣ್ಣದ್ದು. ಬೆರಳಿನಿಂದ ಒತ್ತಿದರೆ ಸ್ಪಂಜಿನಂತೆ ತಗ್ಗಿ ಮತ್ತೆ ಉಬ್ಬುತ್ತದೆ. ಇದರ ಮುಂಭಾಗದ, ಕೆಳಭಾಗದ ಹಾಲೆಗಳು ನೇರಳೆ ಮಿಶ್ರಿತ ಕೆಂಪಾಗಿ, ಗಟ್ಟಿಯಾಗಿ, ಉಳಿದ ಭಾಗದಿಂದ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತಿದ್ದವು. ಒಂದು ತುಂಡನ್ನು ಕತ್ತರಿಸಿ ಬಕೆಟ್ಟಿನ ನೀರಿಗೆ ಹಾಕಿದೆ. ಗಾಳಿ ತುಂಬಿದ ಶ್ವಾಸಕೋಶ ತೇಲಬೇಕು. ಅದು ಕಲ್ಲಿನಂತೆ ತಳಕ್ಕಿಳಿಯಿತು. ತರುಣ ಬಗ್ಗಿ ನೋಡಿ, “ಇದು ಈಲಿ ಇದ್ದ ಹಾಗಿದೆಯಲ್ಲ ಸಾರ್” ಎಂದ. ಅವನ ಮಾತು ಸರಿಯಾಗಿಯೇ ಇತ್ತು. ನಮ್ಮ ವಿದ್ಯೆಯಲ್ಲಿಯೂ ಈ ಸ್ಥಿತಿಯನ್ನು ಶ್ವಾಸಕೋಶ ಯಕೃತ್ತಿನಂತಾಗುವುದು ಎಂದೇ ಹೇಳುತ್ತಾರೆ. ಕಳುಹಿಸಿದ ಮಾದರಿಗಳಿಗೆ ಪ್ರಯೋಗಾಲಯದಿಂದ ಬಂದ ಉತ್ತರದಲ್ಲಿ ಎರಡು ಹೆಸರಿದ್ದವು: ಒಂದು ಫ್ಲೂ ವೈರಾಣು, ಇನ್ನೊಂದು ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಹಂದಿಯ ಕೆಮ್ಮಿಗೆ ನಾವು ಖರ್ಚು ಮಾಡುತ್ತಿರುವ ಹಣ ತಪ್ಪು ಕಾಲದಲ್ಲಿ ಖರ್ಚಾಗುತ್ತಿದೆ. ಕೆಮ್ಮು ಕೇಳಿಸುವ ಹೊತ್ತಿಗೆ ಶ್ವಾಸಕೋಶದ ಜೀವಕೋಶಗಳು ಆಗಲೇ ಸತ್ತಿರುತ್ತವೆ. ಯಾವ ಸೂಜಿಯೂ ಅವುಗಳನ್ನು ಎಬ್ಬಿಸಲಾರದು. ಇದನ್ನು ಒಪ್ಪಬೇಕಾದರೆ ಆ ಶ್ವಾಸಕೋಶದೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ತಿಳಿಯಬೇಕಾಗುತ್ತದೆ.

ಮೆಟ್ಟಿಲು ಮುರಿದರೆ

ಹಂದಿ ನೆಲವನ್ನು ಮೂಸುತ್ತ, ಕೆದಕುತ್ತ ಬದುಕುವ ಪ್ರಾಣಿ. ಪ್ರತಿ ಉಸಿರಿನೊಂದಿಗೆ ಧೂಳು, ಹೊಟ್ಟಿನ ಪುಡಿ, ಸಗಣಿಯ ಕಣ, ನಾನಾ ಬಗೆಯ ಬ್ಯಾಕ್ಟೀರಿಯಗಳು ಒಳಗೆ ಹೋಗುತ್ತಲೇ ಇರುತ್ತವೆ. ಆದರೂ ಅದು ಆರೋಗ್ಯವಾಗಿರಲು ಕಾರಣ ಶ್ವಾಸನಾಳದ ಒಳಮೈ. ಅಲ್ಲಿ ಹಾಸಿರುವ ಜೀವಕೋಶಗಳ ಮೇಲೆ ಅತಿ ಸೂಕ್ಷ್ಮವಾದ ಕೂದಲುಗಳಿವೆ. ಒಂದೊಂದು ಕೋಶದ ಮೇಲೆ ಸುಮಾರು 200. ಇವುಗಳ ಮೇಲೆ ಲೋಳೆಯ ತೆಳು ಪದರ ಹರಡಿರುತ್ತದೆ. ಒಳಗೆ ಬಂದ ಕಸ ಈ ಲೋಳೆಗೆ ಅಂಟಿಕೊಳ್ಳುತ್ತದೆ. ಕೂದಲುಗಳು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಾರಿ, ಗಾಳಿಗೆ ರಾಗಿ ಪೈರು ಅಲೆ ಅಲೆಯಾಗಿ ಬಾಗುವಂತೆ, ಒಂದೇ ದಿಕ್ಕಿಗೆ ಬಾಗುತ್ತ ಆ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಅಲ್ಲಿಗೆ ಬಂದದ್ದನ್ನು ಹಂದಿ ನುಂಗಿಬಿಡುತ್ತದೆ. ಕೂಲಿ ಕೇಳದೆ ಹಗಲಿರುಳು ನಡೆಯುವ ಕಸ ಗುಡಿಸುವ ಕೆಲಸ ಇದು.

ಈ ಮೆಟ್ಟಿಲನ್ನೂ ದಾಟಿ ಕೆಳಗೆ, ಗಾಳಿಚೀಲಗಳವರೆಗೆ ಇಳಿದ ಕಣಗಳಿಗೆ ಎರಡನೆಯ ಕಾವಲು ಇದೆ. ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಗಾಳಿಚೀಲಗಳಲ್ಲಿ ಓಡಾಡುತ್ತ, ಕಂಡ ಬ್ಯಾಕ್ಟೀರಿಯಗಳನ್ನು ನುಂಗಿ ಅರಗಿಸುತ್ತವೆ.

ಗಾಳಿಚೀಲದ ಗೋಡೆಯೂ ತಿಳಿಯತಕ್ಕದ್ದೇ. ಅದರ ಬಹುಪಾಲನ್ನು ಕಾಗದಕ್ಕಿಂತ ಎಷ್ಟೋ ಪಟ್ಟು ತೆಳುವಾದ ಚಪ್ಪಟೆ ಕೋಶಗಳು ಮುಚ್ಚಿರುತ್ತವೆ. ಗಾಳಿಯಲ್ಲಿನ ಆಮ್ಲಜನಕ ರಕ್ತಕ್ಕೆ ದಾಟುವುದು ಇವುಗಳ ಮೂಲಕ. ಮಧ್ಯೆ ಮಧ್ಯೆ ಗುಂಡನೆಯ ಇನ್ನೊಂದು ಬಗೆಯ ಕೋಶಗಳಿವೆ. ಇವು ಸಾಬೂನಿನ ಗುಣವುಳ್ಳ ಒಂದು ದ್ರವವನ್ನು ಸ್ರವಿಸುತ್ತವೆ. ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಮಗ್ಗುಲು ಅಂಟಿಕೊಂಡರೆ ಬಿಡಿಸುವುದು ಎಷ್ಟು ಕಷ್ಟವೆಂದು ಎಲ್ಲರೂ ಬಲ್ಲರು. ಉಸಿರು ಬಿಟ್ಟಾಗ ಗಾಳಿಚೀಲ ಹಾಗೆ ಅಂಟಿಕೊಳ್ಳದಂತೆ ತಡೆಯುವುದು ಈ ದ್ರವವೇ. ಚಪ್ಪಟೆ ಕೋಶಗಳು ಸತ್ತಾಗ ಹೊಸದನ್ನು ಹುಟ್ಟಿಸುವ ಹೊಣೆಯೂ ಈ ಗುಂಡು ಕೋಶಗಳದ್ದೇ.

ಈಗ ಫ್ಲೂ ವೈರಾಣು ಬಂದಿತೆನ್ನಿ. ಇದು ಎಷ್ಟು ಚಿಕ್ಕದೆಂದರೆ ಒಂದು ಮಿಲಿಮೀಟರ್ ಉದ್ದದಲ್ಲಿ ಸುಮಾರು ಹತ್ತು ಸಾವಿರವನ್ನು ಸಾಲಾಗಿ ಇಡಬಹುದು. ತಾನಾಗಿ ಬೆಳೆಯುವ ಶಕ್ತಿ ಇದಕ್ಕಿಲ್ಲ. ಕೂದಲುಳ್ಳ ಕೋಶಕ್ಕೆ ಅಂಟಿ, ಒಳಹೊಕ್ಕು, ಆ ಕೋಶದ ಸಾಮಗ್ರಿಯಿಂದಲೇ ತನ್ನಂಥವನ್ನು ತಯಾರಿಸಿಕೊಳ್ಳುತ್ತದೆ. ಆರೆಂಟು ಗಂಟೆಗಳಲ್ಲಿ ಹೊಸ ವೈರಾಣುಗಳು ಹೊರಬಿದ್ದು ನೆರೆಯ ಕೋಶಗಳನ್ನು ಹಿಡಿಯುತ್ತವೆ. ಬಳಸಿ ಬಿಟ್ಟ ಕೋಶ ಸಾಯುತ್ತದೆ, ಕಳಚಿ ಬೀಳುತ್ತದೆ. ಎರಡು ಮೂರು ದಿನಗಳಲ್ಲಿ ಸಣ್ಣ ಶ್ವಾಸನಾಳಗಳ ಒಳಮೈ ಬೆಂಕಿ ಬಿದ್ದ ಹುಲ್ಲುಗಾವಲಿನಂತೆ ತೇಪೆ ತೇಪೆಯಾಗಿ ಬೋಳಾಗುತ್ತದೆ. ಕೂದಲು ಹೋಯಿತು, ಲೋಳೆ ಮಾತ್ರ ಉಳಿಯಿತು. ಗುಡಿಸುವವರಿಲ್ಲದ ಕಸ ಅಲ್ಲೇ ನಿಲ್ಲುತ್ತದೆ.

ದೇಹವೂ ಸುಮ್ಮನಿರುವುದಿಲ್ಲ. ರಕ್ತದಿಂದ ಬಿಳಿಕಣಗಳ ದಂಡು ಅಲ್ಲಿಗೆ ನುಗ್ಗುತ್ತದೆ. ಇವು ಸುರಿಸುವ ಕಟುವಾದ ರಸಗಳಿಂದ ವೈರಾಣುವಿನ ಜೊತೆಗೆ ಒಳ್ಳೆಯ ಕೋಶಗಳೂ ಸುಡುತ್ತವೆ. ಸತ್ತ ಬಿಳಿಕಣಗಳು, ಕಳಚಿದ ಕೋಶಗಳು, ಲೋಳೆ ಎಲ್ಲ ಸೇರಿ ಸಣ್ಣ ನಾಳಗಳಿಗೆ ಬಿರಡೆ ಹಾಕಿದಂತಾಗುತ್ತದೆ. ಬಿರಡೆಯ ಆಚೆಯ ಗಾಳಿಚೀಲಗಳಿಗೆ ಗಾಳಿಯಿಲ್ಲ; ಅವು ಕುಗ್ಗಿ ಅಂಟಿಕೊಳ್ಳುತ್ತವೆ, ಇಲ್ಲವೆ ರಕ್ತನಾಳದಿಂದ ಒಸರಿದ ನೀರಿನಿಂದ ತುಂಬುತ್ತವೆ. ನೀರಿನಲ್ಲಿ ಮುಳುಗಿದ ಆ ತುಂಡಿನ ರಹಸ್ಯ ಇದೇ. ಅಂದರೆ ನಾವು ಕಾಣುವ ಹಾನಿಯಲ್ಲಿ ಒಂದು ಪಾಲು ಶತ್ರುವಿನದು, ಇನ್ನೊಂದು ಪಾಲು ನಮ್ಮದೇ ಸೈನ್ಯದ್ದು.

ಇಷ್ಟಾದರೂ ಬರೀ ಫ್ಲೂ ತಗಲಿದ ಹಂದಿ ಸಾಮಾನ್ಯವಾಗಿ ಸಾಯುವುದಿಲ್ಲ. ಒಂದರಿಂದ ಮೂರು ದಿನಗಳಲ್ಲಿ ಜ್ವರ ಬರುತ್ತದೆ. ಮೇವು ಬಿಟ್ಟು ಒಂದರ ಮೇಲೊಂದು ಒತ್ತಿಕೊಂಡು ಮಲಗುತ್ತವೆ. ನಾಯಿ ಬೊಗಳಿದಂತೆ ಕೆಮ್ಮುತ್ತವೆ. ಐದಾರು ದಿನಗಳಲ್ಲಿ, ಬಂದಷ್ಟೇ ಬೇಗ, ಎದ್ದು ಮೇವು ತಿನ್ನತೊಡಗುತ್ತವೆ. ಎದ್ದಿತು, ವಾಸಿಯಾಯಿತು ಎಂದು ನಾವು ಭಾವಿಸುತ್ತೇವೆ. ಆದರೆ ಒಳಗೆ ನೋಡಿದರೆ, ಬುಡದಲ್ಲಿ ಉಳಿದಿದ್ದ ಕೋಶಗಳು ಕಬ್ಬಿನ ಕೂಳೆ ಚಿಗುರುವಂತೆ ಆಗತಾನೆ ಚಿಗುರುತ್ತಿರುತ್ತವೆ. ಮೊದಲು ಬರುವುದು ಕೂದಲಿಲ್ಲದ ಚಪ್ಪಟೆ ಪದರ. ಕೂದಲು ಬೆಳೆದು ಮತ್ತೆ ಒಂದೇ ದಿಕ್ಕಿಗೆ ಬಾಗಲು ವಾರಗಳೇ ಬೇಕು. ಸಾವು ನುಗ್ಗುವುದು ಈ ಸಂದಿನಲ್ಲಿ.

ಅಯೋವಾದ ಹಂದಿಗಳು ಕಲಿಸಿದ ಪಾಠ

ಈ ಮಾತು ಹೊಸದಲ್ಲ. 1918ರಲ್ಲಿ ಜಗತ್ತಿನಾದ್ಯಂತ ಮನುಷ್ಯರನ್ನು ಕೊಂದ ಇನ್‌ಫ್ಲುಯೆಂಜಾ ಹರಡಿದ್ದ ಕಾಲದಲ್ಲಿಯೇ ಅಮೆರಿಕದ ಅಯೋವಾ ಸೀಮೆಯ ಹಂದಿಗಳಲ್ಲಿಯೂ ಅದೇ ಬಗೆಯ ಕಾಯಿಲೆ ಕಾಣಿಸಿಕೊಂಡಿತು. ಜೆ. ಎಸ್. ಕೋಯೆನ್ ಎಂಬ ಪಶುವೈದ್ಯ ಇದು ಮನುಷ್ಯರ ಫ್ಲೂವೇ ಎಂದು ಧೈರ್ಯವಾಗಿ ಹೇಳಿದಾಗ ಹಂದಿ ಮಾಂಸದ ವ್ಯಾಪಾರಿಗಳಿಗೆ ಅದು ರುಚಿಸಲಿಲ್ಲ. ಮುಂದೆ ರಾಕ್‌ಫೆಲ್ಲರ್ ಸಂಸ್ಥೆಯ ರಿಚರ್ಡ್ ಶೋಪ್ ಇದನ್ನು ಪ್ರಯೋಗಕ್ಕೆ ಹಚ್ಚಿ 1931ರಲ್ಲಿ ಫಲಿತಾಂಶ ಪ್ರಕಟಿಸಿದ. ಕಾಯಿಲೆ ಬಿದ್ದ ಹಂದಿಯ ಶ್ವಾಸನಾಳದ ರಸವನ್ನು ಬ್ಯಾಕ್ಟೀರಿಯ ದಾಟಲಾರದ ಸೋಸಣಿಗೆಯಲ್ಲಿ ಸೋಸಿ, ಆ ತಿಳಿಯನ್ನು ಆರೋಗ್ಯವಾದ ಹಂದಿಯ ಮೂಗಿಗೆ ಬಿಟ್ಟ. ಬಂದದ್ದು ಲಘುವಾದ ಕಾಯಿಲೆ. ಅದೇ ಹಂದಿಗಳಿಂದ ಪಡೆದ ಹೀಮೋಫಿಲಸ್ ಬ್ಯಾಕ್ಟೀರಿಯವನ್ನು ಮಾತ್ರ ಬಿಟ್ಟಾಗ ಏನೂ ಆಗಲಿಲ್ಲ. ಎರಡನ್ನೂ ಸೇರಿಸಿ ಬಿಟ್ಟಾಗ ಹೊಲದಲ್ಲಿ ಕಾಣುವ ಉಗ್ರವಾದ ಕಾಯಿಲೆಯೇ ಬಂದಿತು. ಮನುಷ್ಯರ ಫ್ಲೂ ವೈರಾಣು ಲಂಡನ್ನಿನಲ್ಲಿ ಕೈಗೆ ಸಿಕ್ಕಿದ್ದು ಇದಾದ ಎರಡು ವರ್ಷದ ಮೇಲೆ, 1933ರಲ್ಲಿ. ಈ ವಿಷಯದಲ್ಲಿ ಹಂದಿಯೇ ಮನುಷ್ಯನಿಗೆ ಗುರು.

ಶೋಪ್ ಕಂಡದ್ದನ್ನು ಇಂದು ಕೋಶಗಳ ಮಟ್ಟದಲ್ಲಿ ವಿವರಿಸಬಹುದು. ಪಾಶ್ಚುರೆಲ್ಲಾ, ಸ್ಟ್ರೆಪ್ಟೊಕಾಕಸ್ ಮೊದಲಾದ ಬ್ಯಾಕ್ಟೀರಿಯಗಳು ಆರೋಗ್ಯವಾದ ಹಂದಿಯ ಮೂಗು, ಗಂಟಲುಗಳಲ್ಲಿಯೇ ವಾಸವಾಗಿರುತ್ತವೆ. ಮೆಟ್ಟಿಲು ಗಟ್ಟಿಯಾಗಿರುವವರೆಗೆ ಅವು ಕೆಳಗೆ ಇಳಿಯಲಾರವು. ವೈರಾಣು ಮೆಟ್ಟಿಲನ್ನು ಮುರಿದ ಮೇಲೆ ಇಳಿಯುತ್ತವೆ; ಸತ್ತ ಕೋಶಗಳೇ ಅವಕ್ಕೆ ಆಹಾರ, ಒಸರಿದ ನೀರೇ ಅವಕ್ಕೆ ಮಡಿ. ಬಾಗಿಲು ಒಡೆಯುವವನು ಒಬ್ಬ, ಮನೆ ದೋಚುವವನು ಇನ್ನೊಬ್ಬ. ಮೈಕೊಪ್ಲಾಸ್ಮಾ ಎಂಬ ಇನ್ನೊಂದು ಸೂಕ್ಷ್ಮಜೀವಿಯೂ ಈ ಕೂದಲುಗಳಿಗೇ ಅಂಟಿ ಅವುಗಳನ್ನು ಉದುರಿಸುತ್ತದೆ. ಅದು ಮೊದಲೇ ಇದ್ದ ಗೂಡಿಗೆ ಫ್ಲೂ ಬಂದರೆ ಕೇಳುವುದೇ ಬೇಡ.

ಫ್ಲೂಗಿಂತ ಕ್ರೂರವಾದದ್ದು ಒಂದಿದೆ. 1987ರಲ್ಲಿ ಅಮೆರಿಕದಲ್ಲಿ, 1990ರ ಸುಮಾರಿಗೆ ಯೂರೋಪಿನಲ್ಲಿ ಕಾಣಿಸಿಕೊಂಡು, 1991ರಲ್ಲಿ ಹಾಲೆಂಡಿನ ಲೆಲಿಸ್ಟಾಡ್‌ನಲ್ಲಿ ಗುರುತಿಸಲ್ಪಟ್ಟ ಪಿ.ಆರ್.ಆರ್.ಎಸ್. ವೈರಾಣು. ಗಬ್ಬದ ಹೆಣ್ಣು ಹಂದಿಗಳು ಕಂದು ಹಾಕುವುದು, ಮರಿಗಳಲ್ಲಿ ಉಬ್ಬಸ, ಇದರ ಎರಡು ಮುಖ. ಇದು ಹಿಡಿಯುವುದು ಕೂದಲಿನ ಕೋಶಗಳನ್ನಲ್ಲ, ಎರಡನೆಯ ಕಾವಲನ್ನೇ. ಮ್ಯಾಕ್ರೋಫೇಜ್‌ನ ಮೈಮೇಲಿರುವ ಸಿಡಿ-163 ಎಂಬ ಒಂದು ಪ್ರೋಟೀನನ್ನು ಬಾಗಿಲು ಮಾಡಿಕೊಂಡು ಒಳಹೊಕ್ಕು, ಬ್ಯಾಕ್ಟೀರಿಯವನ್ನು ನುಂಗಬೇಕಾದ ಕೋಶದಲ್ಲಿಯೇ ಬೆಳೆದು ಅದನ್ನು ಕೊಲ್ಲುತ್ತದೆ. ಬದುಕುಳಿದ ಹಂದಿ ತಿಂಗಳುಗಟ್ಟಲೆ ವೈರಾಣುವನ್ನು ಹೊತ್ತು ತಿರುಗಬಹುದು. 2006ರಲ್ಲಿ ಚೀನದಲ್ಲಿ ಇದರ ಒಂದು ಉಗ್ರ ಬಗೆ 20 ಲಕ್ಷಕ್ಕೂ ಹೆಚ್ಚು ಹಂದಿಗಳಿಗೆ ತಗಲಿ ಸುಮಾರು 4 ಲಕ್ಷ ಸತ್ತವು. 2013ರಲ್ಲಿ ನಮ್ಮ ಮಿಜೋರಾಂನಲ್ಲಿ ಈ ರೋಗ ಕಾಣಿಸಿಕೊಂಡಾಗ ಪರೀಕ್ಷಿಸಿದ ವೈರಾಣು ಆ ಚೀನೀ ಬಗೆಗೆ ಹತ್ತಿರದ್ದಾಗಿತ್ತು.

ಸಿಡಿ-163 ಇಲ್ಲದಂತೆ ಮಾಡಿದ ಹಂದಿಗಳಿಗೆ ಈ ರೋಗ ತಗಲುವುದಿಲ್ಲವೆಂದು 2015ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದವರು ತೋರಿಸಿದರು. ಅಂಥ ಹಂದಿಗಳಿಗೆ ಅಲ್ಲಿನ ಸರ್ಕಾರ 2025ರಲ್ಲಿ ಒಪ್ಪಿಗೆಯನ್ನೂ ಕೊಟ್ಟಿತು. ವಿಜ್ಞಾನ ದೊಡ್ಡದೇ. ಆದರೆ ಅದು ನಮ್ಮ ಹಳ್ಳಿಯ ಗೂಡಿಗೆ ಬರುವವರೆಗೆ ನಾವು ಕೈಕಟ್ಟಿ ಕೂರುವಂತಿಲ್ಲ.

ಸೂಜಿಯ ಮೇಲಿನ ನಂಬಿಕೆ

ಇನ್ನು ತರುಣನ ಚೀಲದಲ್ಲಿದ್ದ ಸೀಸೆಗಳ ವಿಚಾರ. ಮೂರೂ ಬ್ಯಾಕ್ಟೀರಿಯವನ್ನು ಕೊಲ್ಲುವ ಆಂಟಿಬಯಾಟಿಕ್‌ಗಳೇ. ವೈರಾಣುವಿನ ಮೇಲೆ ಇವುಗಳಿಗೆ ಯಾವ ಅಧಿಕಾರವೂ ಇಲ್ಲ. ಹಾಗೆಂದು ಅವು ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಹಿಂದೆ ವಿವರಿಸಿದಂತೆ ಹಂದಿಯನ್ನು ಕೊನೆಗೆ ಕೊಲ್ಲುವುದು ಬಹುಮಟ್ಟಿಗೆ ಬ್ಯಾಕ್ಟೀರಿಯವೇ ಆದುದರಿಂದ, ಸರಿಯಾದ ಔಷಧಿಯನ್ನು, ಸರಿಯಾದ ಸಮಯಕ್ಕೆ, ಪೂರ್ತಿ ಅವಧಿಗೆ ಕೊಟ್ಟರೆ ಜೀವ ಉಳಿಯುತ್ತದೆ. ಆದರೆ ಒಂದು ದಿನ ಒಂದು, ಮರುದಿನ ಮತ್ತೊಂದು, ಅದೂ ಅರ್ಧ ಪ್ರಮಾಣ, ಹೀಗೆ ಬದಲಾಯಿಸುತ್ತ ಹೋದರೆ ದುರ್ಬಲ ಬ್ಯಾಕ್ಟೀರಿಯ ಸತ್ತು ಮೊಂಡು ಬ್ಯಾಕ್ಟೀರಿಯ ಉಳಿಯುತ್ತದೆ. ಗಟ್ಟಿಯಾಗಿ ಬಿರಡೆ ಹಾಕಿಕೊಂಡ ಶ್ವಾಸಕೋಶದ ಭಾಗಕ್ಕೆ ಔಷಧಿ ಚೆನ್ನಾಗಿ ತಲುಪುವುದೂ ಇಲ್ಲ. ಪ್ರತಿದಿನ ಮೇವಿನಲ್ಲಿ ಒಂದಿಷ್ಟು ಬೆರೆಸಿ ಹಾಕುವ ಅಭ್ಯಾಸವಂತೂ ಇನ್ನೂ ಕೆಟ್ಟದ್ದು. ಮನುಷ್ಯರ ಕೊನೆಯ ಆಸರೆಯಾದ ಕೊಲಿಸ್ಟಿನ್ ಎಂಬ ಔಷಧಿಯನ್ನು ಸಾಕುಪ್ರಾಣಿಗಳಿಗೆ ಬಳಸಬಾರದೆಂದು ನಮ್ಮ ಸರ್ಕಾರ 2019ರಲ್ಲಿ ನಿಷೇಧಿಸಬೇಕಾಗಿ ಬಂದದ್ದು ಇಂಥ ಬಳಕೆಯಿಂದಲೇ.

“ಡಾಕ್ಟರು ಇರುವುದು ಹದಿನೆಂಟು ಕಿಲೋಮೀಟರ್ ದೂರದಲ್ಲಿ, ಔಷಧಿ ಅಂಗಡಿ ಇರುವುದು ಊರ ಬಸ್ ನಿಲ್ದಾಣದಲ್ಲಿ, ನಾನೇನು ಮಾಡಲಿ?” ಎಂದು ಆ ತರುಣ ಕೇಳಿದ. ಇದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರ ಇರಲಿಲ್ಲ. ಹಸುವಿಗೆ ಕರೆದರೆ ಬರುವ ನಮ್ಮವರಲ್ಲಿ ಕೆಲವರು ಹಂದಿಗೆಂದರೆ ನಾಳೆ ನೋಡೋಣ ಎನ್ನುವುದು ನನಗೆ ಗೊತ್ತಿದೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೆ ಮಾಡಿದ್ದುಂಟು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹಂದಿ ಸಾಕುವವರು ಹೆಚ್ಚಾಗಿ ಬಡವರು, ಮಾತನಾಡಲು ಹಿಂಜರಿಯುವವರು. ಅವರು ಅಂಗಡಿಯ ಸೀಸೆಯನ್ನು ನಂಬಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ.

ಆದರೂ ವೈದ್ಯ ಪಕ್ಕದ ಮನೆಯಲ್ಲೇ ಇದ್ದಿದ್ದರೂ ಆ 42 ಮರಿಗಳಿಗೆ ಕೆಮ್ಮು ತಪ್ಪುತ್ತಿರಲಿಲ್ಲ. ಏಕೆಂದರೆ ಅದು ನಿರ್ಧಾರವಾದದ್ದು ಗಾಡಿಯಿಂದ ಇಳಿಸಿದ ಗಳಿಗೆಯಲ್ಲಿ. ಫ್ಲೂ ತಗಲಿದ ಹಂದಿ ಕೆಮ್ಮುವುದಕ್ಕೆ ಮೊದಲೇ ಮೂಗಿನಿಂದ ವೈರಾಣುವನ್ನು ಬಿಡತೊಡಗುತ್ತದೆ. ಸಂತೆಯಲ್ಲಿ ಲವಲವಿಕೆಯಿಂದ ಕಂಡ ಮರಿಯೇ ಹೊತ್ತು ತಂದಿರಬಹುದು. ಎರಡು ಕಡೆಯ ಮರಿಗಳು ಒಂದರ ರೋಗಕ್ಕೆ ಇನ್ನೊಂದು ಹೊಸದು; ಮೇಲೆ ಪ್ರಯಾಣದ ಸುಸ್ತು, ತಾಯಿಯ ಹಾಲು ಬಿಟ್ಟ ಸಂಕಟ, ಹೊಸ ಗುಂಪಿನಲ್ಲಿ ಕಚ್ಚಾಟ. ಹೊಸದಾಗಿ ತಂದ ಹಂದಿಗಳನ್ನು ಮೂರು ನಾಲ್ಕು ವಾರ ಬೇರೆ ಜಾಗದಲ್ಲಿ, ಬೇರೆ ಬಕೆಟ್ಟು, ಬೇರೆ ಪೊರಕೆ, ಸಾಧ್ಯವಾದರೆ ಬೇರೆ ಆಳಿನ ಕೈಯಲ್ಲಿ ಇಡಬೇಕೆಂದು ನಾವು ತರಬೇತಿಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಕೇಳುವವರು ತಲೆಯಾಡಿಸುತ್ತಾರೆ. ಮಾಡುವವರು ಕಡಿಮೆ.

ಏಕೆ ಮಾಡುವುದಿಲ್ಲ? ರೈತನ ಉದಾಸೀನವೆಂದು ಹೇಳಿ ಮುಗಿಸುವುದು ಸುಲಭ. ಆ ತರುಣನ ಸಾಲದ ಯೋಜನಾ ವರದಿಯನ್ನು ತರಿಸಿ ನೋಡಿದೆ. ಗೂಡಿಗೆ ಇಷ್ಟು, ಮರಿಗೆ ಇಷ್ಟು, ಮೇವಿಗೆ ಇಷ್ಟು, ವಿಮೆಗೆ ಇಷ್ಟು, ಔಷಧಿಗೆ ಇಷ್ಟು ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಹೊಸ ಮರಿಗಳನ್ನು ಪ್ರತ್ಯೇಕವಾಗಿ ಇಡುವ ಜಾಗಕ್ಕೆ ಒಂದು ರೂಪಾಯಿಯೂ ಇರಲಿಲ್ಲ. ನಾನು ಕಂಡ ಇತರ ವರದಿಗಳೂ ಇದಕ್ಕಿಂತ ಬೇರೆಯಾಗಿಲ್ಲ. ಔಷಧಿಗೆ ಹಣ ಕೊಡುತ್ತೇವೆ, ಔಷಧಿ ಬೇಡದಂತೆ ಮಾಡುವುದಕ್ಕೆ ಕೊಡುವುದಿಲ್ಲ. ಮರಿಗಳನ್ನು ಹಂಚುವ ಯೋಜನೆಗಳಲ್ಲಿಯೂ ಎಣಿಕೆ ತುಂಬಲೆಂದು ನಾಲ್ಕು ಕಡೆಯಿಂದ ಮರಿ ಒಟ್ಟುಮಾಡಿ ಒಂದೇ ಗಾಡಿಯಲ್ಲಿ ಸಾಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ಖಚಿತವಾದ ಅಭಿಪ್ರಾಯ ಇದು: ಪ್ರತ್ಯೇಕ ಅಂಕಣವಿಲ್ಲದ ಹಂದಿ ಸಾಕಣೆ ಯೋಜನೆಗೆ ಯಾರೂ ಸಹಿ ಹಾಕಬಾರದು, ಒಂದು ಕಂತಿನ ಮರಿಗಳೆಲ್ಲ ಒಂದೇ ಮೂಲದಿಂದ ಬರಬೇಕೆಂಬ ಷರತ್ತು ಖರೀದಿ ನಿಯಮದಲ್ಲಿಯೇ ಇರಬೇಕು. ಮರಿ ಸಿಗುವುದು ತಡವಾಗುತ್ತದೆ, ಬೆಲೆ ಸ್ವಲ್ಪ ಹೆಚ್ಚಾಗುತ್ತದೆ ಎಂಬ ಆಕ್ಷೇಪಣೆ ಬರುತ್ತದೆ, ನಿಜವೂ ಹೌದು. ಎಂಟು ಮರಿಗಳ ಬೆಲೆಯನ್ನು ಗುಂಡಿಗೆ ಹಾಕಿದವನ ಮುಂದೆ ಆ ಲೆಕ್ಕ ಇಡಲಿ.

ಸತ್ತವುಗಳಿಗಿಂತ ಉಳಿದವುಗಳ ನಷ್ಟ ಇನ್ನೂ ಮೋಸದ್ದು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಶ್ವಾಸಕೋಶದ ಒಂದು ಭಾಗ ಗಟ್ಟಿಯಾದ ಹಂದಿ ತಿನ್ನುತ್ತದೆ, ಆದರೆ ತೂಕಕ್ಕೆ ಬರುವುದಿಲ್ಲ. ಜೊತೆಯ ಮರಿಗಳು ಮಾರಾಟಕ್ಕೆ ಹೋದ ಮೇಲೂ ವಾರಗಟ್ಟಲೆ ಮೇವು ತಿನ್ನುತ್ತ ಉಳಿಯುತ್ತದೆ.

ಗೋಣಿಚೀಲದ ವಿಷಯ. ಚಳಿಯಿಂದ ಕಾಪಾಡಬೇಕೆಂಬ ಆಸೆ ಒಳ್ಳೆಯದೇ. ಆದರೆ ನಾಲ್ಕೂ ಕಡೆ ಮುಚ್ಚಿದ ಗೂಡಿನಲ್ಲಿ ಮೂತ್ರದಿಂದ ಏಳುವ ಅಮೋನಿಯಕ್ಕೆ ಹೊರದಾರಿ ಇರುವುದಿಲ್ಲ. ಈ ಅನಿಲ ಶ್ವಾಸನಾಳದ ಕೂದಲುಗಳ ಓಟವನ್ನು ನಿಧಾನ ಮಾಡುತ್ತದೆ. ಅಂದರೆ ವೈರಾಣು ಬರುವ ಮೊದಲೇ ಅದರ ಅರ್ಧ ಕೆಲಸವನ್ನು ನಾವೇ ಮಾಡಿಟ್ಟಂತೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಮೋನಿಯ 20-25 ಪಾಲು ಮೀರಬಾರದೆಂದು ತಜ್ಞರು ಹೇಳುತ್ತಾರೆ. ಅಳೆಯುವ ಯಂತ್ರ ರೈತನಲ್ಲಿ ಎಲ್ಲಿಂದ ಬರಬೇಕು? ಬೆಳಿಗ್ಗೆ ಬಾಗಿಲು ತೆರೆದ ಕೂಡಲೆ ಒಳಹೋಗಿ ಹಂದಿಯ ಮೂಗಿನ ಎತ್ತರಕ್ಕೆ ಕುಕ್ಕುರುಗಾಲಲ್ಲಿ ಕುಳಿತು ನೋಡಿರಿ. ಕಣ್ಣು ಉರಿದರೆ ಮಿತಿ ಮೀರಿದೆ ಎಂದೇ ತಿಳಿಯಬೇಕು. ಸ್ವಲ್ಪ ಹೊತ್ತು ಒಳಗಿದ್ದ ಮೇಲೆ ನಮ್ಮ ಮೂಗು ಒಗ್ಗಿಹೋಗುತ್ತದೆ, ಆದುದರಿಂದ ಮೊದಲ ಉಸಿರನ್ನೇ ನಂಬಬೇಕು. ಹಂದಿಯ ಎತ್ತರದವರೆಗೆ ಮಾತ್ರ ಗಾಳಿ ತಡೆದು, ಸೂರಿನ ಕೆಳಗೆ ಗೋಡೆಯುದ್ದಕ್ಕೂ ಸಂದು ಬಿಟ್ಟು, ನೆಲಕ್ಕೆ ಒಣ ಹುಲ್ಲು ಹಾಸಿ, ಒದ್ದೆಯಾದದ್ದನ್ನು ದಿನವೂ ತೆಗೆದರೆ ಮರಿ ಬೆಚ್ಚಗೂ ಇರುತ್ತದೆ, ಗಾಳಿಯೂ ಆಡುತ್ತದೆ.

ನಮ್ಮಿಂದ ಅವಕ್ಕೆ

ಕೊನೆಯದಾಗಿ, ಹಂದಿಯ ಪರವಾಗಿ ಒಂದು ಮಾತು. 2009ರಲ್ಲಿ ಮೆಕ್ಸಿಕೊ, ಕ್ಯಾಲಿಫೋರ್ನಿಯಾಗಳಲ್ಲಿ ಕಂಡ ಹೊಸ ಫ್ಲೂ ನಮ್ಮಲ್ಲಿಗೂ ಬಂದಾಗ ಪತ್ರಿಕೆಗಳು ಅದನ್ನು ‘ಹಂದಿ ಜ್ವರ’ ಎಂದವು. ನಮ್ಮ ಸಾಕಣೆದಾರರು ಅದೇ ಹೆಸರಿನಿಂದ ಕರೆಯುತ್ತಿದ್ದದ್ದು ಬೇರೊಂದು ರೋಗವನ್ನು; ಹಂದಿಗಳಿಗೆ ಮಾತ್ರ ಬರುವ, ಮನುಷ್ಯರಿಗೆ ತಗಲದ, ಲಸಿಕೆ ಇರುವ ಹಳೆಯ ರೋಗ ಅದು. ಒಂದೇ ಹೆಸರು ಎರಡಕ್ಕೆ ಬಿದ್ದು ಗೊಂದಲವೋ ಗೊಂದಲ. ಈಜಿಪ್ಟಿನ ಸರ್ಕಾರ ತನ್ನ ದೇಶದಲ್ಲಿ ಒಬ್ಬರಿಗೂ ಆ ಫ್ಲೂ ಬಂದಿರದಿದ್ದಾಗಲೇ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಲು ಆಜ್ಞೆ ಮಾಡಿತು. ಕೈರೋ ನಗರದ ಕಸ ಆಯುವ ಬಡ ಕುಟುಂಬಗಳು ಆ ಕಸದಲ್ಲಿನ ಆಹಾರದಿಂದಲೇ ಹಂದಿ ಸಾಕುತ್ತಿದ್ದವು. ಹಂದಿಗಳು ಹೋದ ಮೇಲೆ ಬೀದಿಗಳಲ್ಲಿ ಕಸ ಕೊಳೆಯಿತು, ಫ್ಲೂ ಮಾತ್ರ ಬಂದೇ ಬಂದಿತು.

ಅದೇ ವರ್ಷ ಕೆನಡಾದ ಆಲ್ಬರ್ಟಾದ ಒಂದು ಹಂದಿ ಮಂದೆಯಲ್ಲಿ ಆ ವೈರಾಣು ಕಂಡಾಗ ಅದು ಮನುಷ್ಯರಿಂದ ಹಂದಿಗಳಿಗೆ ಬಂದಿರಬೇಕೆಂದು ತಜ್ಞರು ತೀರ್ಮಾನಿಸಿದರು. ಆಮೇಲೆ ಹಲವು ದೇಶಗಳಲ್ಲಿ ಹಾಗೆಯೇ ಆಯಿತು. ನಮ್ಮ ದೇಶದ ಹಂದಿಗಳಲ್ಲಿಯೂ ಅದು ಪತ್ತೆಯಾಯಿತು. ಹಂದಿಯ ಶ್ವಾಸನಾಳದ ಕೋಶಗಳ ಮೇಲೆ ಮನುಷ್ಯರ ಫ್ಲೂ ಅಂಟುವ ಕೊಂಡಿಯೂ ಇದೆ, ಹಕ್ಕಿಗಳ ಫ್ಲೂ ಅಂಟುವ ಕೊಂಡಿಯೂ ಇದೆ. ಎರಡೂ ಒಂದೇ ಕೋಶಕ್ಕೆ ಹೊಕ್ಕರೆ ಬೆರಕೆಯಾಗಿ ಹೊಸ ತಳಿ ಹುಟ್ಟಬಹುದು. ಆದುದರಿಂದ ನೆಗಡಿ ಜ್ವರ ಇರುವವರು ಗೂಡಿನೊಳಗೆ ಹೋಗದಿರುವುದು ಹಂದಿಗೂ ಒಳ್ಳೆಯದು, ಊರಿಗೂ ಒಳ್ಳೆಯದು. ಬೇರೆ ಯಾರೂ ಇಲ್ಲದ ಮನೆಯಾದರೆ ಮೂಗು ಬಾಯಿಗೆ ಮಾಸ್ಕ್ ಹಾಕಿ, ಕೈ ತೊಳೆದು ಹೋಗಬೇಕು. ಕೋಳಿ, ಬಾತುಗಳನ್ನು ಹಂದಿಗಳ ಜೊತೆ ಬಿಡಬಾರದು. ತರುಣನ ಮನೆಯಲ್ಲಿ ವಿಚಾರಿಸಿದಾಗ, ಮರಿಗಳು ಬಂದ ವಾರದಲ್ಲಿ ಮೇವು ಹಾಕುತ್ತಿದ್ದ ಅವನ ತಾಯಿಗೂ ಜ್ವರ, ಕೆಮ್ಮು ಇತ್ತಂತೆ. ಯಾರಿಂದ ಯಾರಿಗೆ ಬಂತೋ ಹೇಳುವವರಾರು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿ ಹೇಳಿಬಿಡಬೇಕು. ಜ್ವರ ಬಂದು ಒಂದರ ಹಿಂದೊಂದು ದೊಡ್ಡ ಹಂದಿಗಳೂ ಸಾಯತೊಡಗಿದರೆ, ಕಿವಿ ಹೊಟ್ಟೆಗಳ ಚರ್ಮ ಕೆಂಪಾದರೆ, ಅದನ್ನು ಫ್ಲೂ ಎಂದು ಎಣಿಸಿ ಕೂರಬಾರದು. 2020ರಲ್ಲಿ ಅಸ್ಸಾಂ, ಅರುಣಾಚಲಗಳ ಮೂಲಕ ನಮ್ಮ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ಆಗಿರಬಹುದು, ಅದಕ್ಕೆ ಚಿಕಿತ್ಸೆಯಿಲ್ಲ. ಅಂಥ ಸಂದರ್ಭದಲ್ಲಿ ಹಂದಿಯನ್ನು ಮಾರದೆ, ಸ್ವತಃ ಕೊಯ್ಯದೆ, ತಕ್ಷಣ ಪಶು ಆಸ್ಪತ್ರೆಗೆ ತಿಳಿಸಬೇಕು. ಹೋಟೆಲಿನ ಮುಸುರೆಯನ್ನು ಚೆನ್ನಾಗಿ ಕುದಿಸದೆ ಹಾಕುವುದನ್ನಂತೂ ಇಂದೇ ಬಿಡಬೇಕು.

ಆ ತರುಣನಿಗೆ ಒಟ್ಟು ಹನ್ನೊಂದು ಮರಿ ಹೋದವು. ಉಳಿದವನ್ನು ತಡವಾಗಿ, ಕಡಿಮೆ ತೂಕಕ್ಕೆ ಮಾರಿದ. ಓಲೆ ಇನ್ನೂ ಅಡವಿನಲ್ಲೇ ಇದೆ. ಈ ಸಾರಿ ಯುಗಾದಿ ಕಳೆದ ಮೇಲೆ ಮತ್ತೆ ಫೋನ್ ಮಾಡಿದ್ದ. ಹೊಲದ ಇನ್ನೊಂದು ಅಂಚಿನಲ್ಲಿ ನೀಲಗಿರಿ ಗಳ ನೆಟ್ಟು, ಅಡಕೆ ಸೋಗೆ ಹೊದಿಸಿ, ಒಂದು ಚಪ್ಪರ ಹಾಕಿದ್ದಾನಂತೆ. ಒಂದೇ ಫಾರಂನಿಂದ 20 ಮರಿ ತಂದು ಅದರಲ್ಲಿ ಇಳಿಸಿದ್ದಾನೆ. “ಹದಿನೇಳನೇ ದಿನ ಸಾರ್ ಇವತ್ತು. ಬೆಳಿಗ್ಗೆ ಎರಡು ಮರಿ ಕೆಮ್ಮಿದವು. ಅಂಗಡಿಗೆ ಹೋಗಿಲ್ಲ, ಹಳೇ ಗೂಡಿನ ಕಡೆಗೂ ಹೋಗಿಲ್ಲ. ನೀವು ಯಾವಾಗ ಬರ್ತೀರ?” ಎಂದ. ಮಧ್ಯಾಹ್ನದ ಬಸ್ಸಿಗೆ ಹೊರಟೆ.